ವಾಸನೆ ಬರದ ಒಲೆ

ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗಳಿಗೆ ಆರು ವರ್ಷ, ಅವಳ ತಮ್ಮನಿಗೆ ಇನ್ನೂ ಮೂರು ತುಂಬಿಲ್ಲ. ಇಬ್ಬರಿಗೂ ಕೊರಿಯಾದ ಊಟದ ಹುಚ್ಚು ಹಿಡಿದಿದೆ. ಲಾಕ್‌ಡೌನಿನಲ್ಲಿ ನನ್ನ ಮಗಳು ಕೂಸಿಗೆ ಹಾಲೂಡಿಸುತ್ತ ಕೊರಿಯನ್ ಧಾರಾವಾಹಿಗಳನ್ನು ಒಂದರ ಹಿಂದೊಂದು ನೋಡಿದಳು. ಮೊಮ್ಮಗಳ ಕಿವಿಗೆ ಆ ಭಾಷೆ ನನ್ನ ಶಹಾಬಾದದ ಮಾತಿಗಿಂತ ಮೊದಲೇ ಬಿದ್ದಿರಬೇಕು. ಈಗ ಅವಳಿಗೆ ತೆರೆಯ ಮೇಲೆ ಕಂಡ ಖಂಡದ ಅಡುಗೆಯೇ ಬೇಕು. ಸೋಯಾ ಸಾಸಿನಲ್ಲಿ ಬೆಂದು ಕಂದಾಗಿ ಮಿರುಗುವ, ಕಡ್ಡಿಯಿಂದ ಮುಟ್ಟಿದರೆ ಬಿಚ್ಚಿಕೊಳ್ಳುವ ಹಂದಿ ಖಂಡ.

"ಯವ್ವಾ, ಇವತ್ತ ಪೋರ್ಕ್ ಮಾಡ್ಲತ್ತೀನಿ. ಸಣ್ಣಂವ ನುಂಗಬೇಕು, ಅಷ್ಟು ಮೆತ್ತಗ ಆಗ್ಬೇಕು. ಹ್ಯಾಂಗ ಮಾಡ್ಲಿ ಹೇಳು" ಎಂದಳು ಮಗಳು, ನಾನು ಅವಳ ಮನೆಗೆ ಹೋಗಿದ್ದಾಗ.

"ಕುಕ್ಕರಿಗಿ ಹಾಕು. ನಾಕು ಸೀಟಿ ಆದ ಮ್ಯಾಲ ಸಣ್ಣ ಉರಿ ಮಾಡು. ಅದರಾಗ ಹೇಳೂದೇನದ?"

"ಕುಕ್ಕರ್ ಬ್ಯಾಡವ್ವಾ. ಸೀಟಿ ಹೊಡದ್ರ ವಾಸನಿ ಹೊರಗ ಹೋಗ್ತದ. ಮಾಲಕರು ಕೆಳಗೇ ಅದಾರ. ಏರ್ ಫ್ರೈಯರ್‌ದಾಗ ಮಾಡ್ತೀನಿ."

ಬಾಡಿಗೆ ಕರಾರಿನಲ್ಲಿ ಹಾಗೇನೂ ಬರೆದಿಲ್ಲವಂತೆ. ಮನೆ ತೋರಿಸುವಾಗ ಬಾಯಿಮಾತಿನಲ್ಲಿ "ನೀವು ವೆಜ್ ಅಲ್ವಾ?" ಎಂದು ಕೇಳಿದ್ದರು, ಅಳಿಯ ನಕ್ಕು ಸುಮ್ಮನಾಗಿದ್ದ. ಅವನ ಆ ನಗುವಿನ ಮೇಲೆ ಮನೆ ಸಿಕ್ಕಿದೆ. ಎರಡು ಎಂಜಿನಿಯರ್ ಸಂಬಳದ ಮನೆ, ಬಚ್ಚಲಿನಲ್ಲಿ ನಮ್ಮ ಊರಿನ ಒಂದು ಖೋಲಿಯಷ್ಟು ಜಾಗ. ಆದರೂ "ವಾಸನಿ ಹೋಗ್ತದ" ಎನ್ನುವ ಮಾತು ಮಗಳ ಬಾಯಲ್ಲಿ ನನ್ನ ಅವ್ವನ ದನಿಯಲ್ಲೇ ಬಂತು. ಅವ್ವ ತೀರಿದಾಗ ಇವಳಿನ್ನೂ ತೊಟ್ಟಿಲಲ್ಲಿದ್ದಳು. ಆ ಮಾತನ್ನು ಇವಳಿಗೆ ಯಾರೂ ಕಲಿಸಿದ್ದಲ್ಲ.

ನಾವು ಕಲಬುರಗಿ ಕಡೆಯ ಶಹಾಬಾದದಲ್ಲಿ ಕಲ್ಲು ಒಡೆಯುವವರು. ಊರ ಬಾಯಲ್ಲಿ ವಡ್ಡರು, ಕಾಗದದಲ್ಲಿ ಭೋವಿ. ಶಹಾಬಾದದ ಫರ್ಸಿ, ಅಂದರೆ ಹಾಸುಗಲ್ಲು, ಪುಣೆ, ಮುಂಬೈ, ಹೈದರಾಬಾದಿನ ಮನೆಗಳ ನೆಲಕ್ಕೆ ಹೋಗಿದೆ. ಮಹಾರಾಷ್ಟ್ರದಲ್ಲಿ ಇವತ್ತಿಗೂ ಕಲ್ಲಿನ ನೆಲಕ್ಕೆ ನಮ್ಮ ಊರಿನ ಹೆಸರೇ ಹೆಸರು. ಭೀಮೆ ಕಾಗಿಣೆಯ ಈ ಸೀಮೆಯ ಸುಣ್ಣದ ಕಲ್ಲು ನೆಲದಡಿ ಅಡ್ಡಕ್ಕೆ ಪದರು ಪದರಾಗಿ ಮಲಗಿದೆ. ಸಿಡಿಮದ್ದು ಬೇಕಿಲ್ಲ. ಪದರಿನ ಸಂದು ನೋಡಿ ಉಳಿ ಇಟ್ಟು, ಹಾರಿ ಹಾಕಿ ಮೀಟಿದರೆ ಹಾಳೆ ಎದ್ದುಬರುತ್ತದೆ. ಆ ಸಂದು ಎಲ್ಲಿದೆ ಎಂದು ಅಪ್ಪನಿಗೆ ಸುತ್ತಿಗೆಯ ಸಪ್ಪಳದಲ್ಲೇ ತಿಳಿಯುತ್ತಿತ್ತು. ನಮ್ಮ ಗುಡಿಸಲಿನ ಗೋಡೆ ಒಡೆದ ಫರ್ಸಿಯದು, ಮಾಡು ಫರ್ಸಿಯದು, ಮುಂದಿನ ಬೇಲಿಯೂ ನಿಲ್ಲಿಸಿದ ಫರ್ಸಿಯದೇ. ಒಳಗಿನ ನೆಲ ಮಾತ್ರ ಮಣ್ಣಿನದು. ಒಳ್ಳೆಯ ಕಲ್ಲೆಲ್ಲ ವ್ಯಾಗನ್ ಏರುತ್ತಿತ್ತು.

ವಾರದ ಬಟವಾಡೆ ಆದ ಮರುದಿನ ಓಣಿಯ ನಾಲ್ಕಾರು ಮನೆಯವರು ಕೂಡಿ ಒಂದು ಹಂದಿ ಕೊಳ್ಳುತ್ತಿದ್ದರು. ಖಣಿಯ ಆಚೆ ಬಯಲಿನಲ್ಲಿ ಕೆಲಸ. ಮೊದಲು ಜೋಳದ ಕಣಕಿಯ ಉರಿಯಲ್ಲಿ ಕೂದಲು ಸುಡಬೇಕು. ಆಮೇಲೆ ಮುರಿದ ಫರ್ಸಿ ಚೂರಿನಿಂದ ಹೆರೆದು, ಅರಿಷಿಣ ತಿಕ್ಕಿ, ತೊಳೆದು ಪಾಲು ಹಾಕುವುದು. ನಾವು ಮಕ್ಕಳು ಸುಟ್ಟ ಕಿವಿಗಾಗಿ ಕಾಯುತ್ತ ಕೂರುತ್ತಿದ್ದೆವು. ಕಿವಿ ಅಂದರೆ ಕರುಕುರು, ಉಪ್ಪು ಹಚ್ಚಿಕೊಂಡು ಅಲ್ಲೇ ತಿನ್ನುವುದು. ಅವ್ವ ತನ್ನ ಪಾಲನ್ನು ಮುತ್ತಲ ಎಲೆಯಲ್ಲಿ ಕಟ್ಟಿ, ಅದರ ಮೇಲೆ ಸೆರಗು ಮುಚ್ಚಿಕೊಂಡು ದಾರಿ ಬಿಟ್ಟು ಹಿತ್ತಲಿನಿಂದ ಬರುತ್ತಿದ್ದಳು.

ಹಂದಿ ಖಂಡಕ್ಕೆ ಮನೆಯೊಳಗಿನ ಒಲೆ ಅಲ್ಲ, ಹಿತ್ತಲಲ್ಲಿ ಬೇರೆ ಸಿಗಡಿ. ಅದಕ್ಕೆ ಉರುವಲು ರೈಲಿನದು. 1874ರಲ್ಲಿ ನಿಜಾಮನ ರೈಲು ಸಿಕಂದರಾಬಾದಿನಿಂದ ನಮ್ಮ ಪಕ್ಕದ ವಾಡಿಗೆ ಬಂದು ಮುಂಬೈ ಮದ್ರಾಸ್ ಹಳಿಗೆ ಕೂಡಿದ ಮೇಲೆ ಆ ಊರು ಇಂಜಿನ್ನುಗಳ ಊರಾಯಿತು. ನನ್ನ ಬಾಲ್ಯದಲ್ಲೂ ಉಗಿಬಂಡಿ ಓಡುತ್ತಿದ್ದವು. ಇಂಜಿನ್ನಿನ ಬೂದಿ ಸುರಿದಲ್ಲಿ ಅರ್ಧ ಸುಟ್ಟ ಕಲ್ಲಿದ್ದಲು ಸಿಗುತ್ತಿತ್ತು. ಅದನ್ನು ಆರಿಸಲು ಚಿಕ್ಕ ಹುಡುಗಿಯರೇ ಹೋಗಬೇಕು, ದೊಡ್ಡವರನ್ನು ಕಂಡರೆ ರೈಲ್ವೆಯವರು ಅಟ್ಟುತ್ತಿದ್ದರು. ಆ ಇದ್ದಲು ಜ್ವಾಲೆ ಎಬ್ಬಿಸುವುದಿಲ್ಲ, ಆರುವುದೂ ಇಲ್ಲ. ಸಂಜೆ ಸಿಗಡಿಯ ಮೇಲೆ ಗಡಿಗೆ ಇಟ್ಟು, ಮುಚ್ಚಳದ ಸುತ್ತ ಜೋಳದ ಹಿಟ್ಟಿನ ಕಣಕ ಮೆತ್ತಿದರೆ ಕತ್ತಲಾಗುವ ತನಕ ಅದರ ಕಡೆ ನೋಡುವ ಕೆಲಸವಿಲ್ಲ. ಕಣಕ ಮೆತ್ತುವುದು ಹದಕ್ಕೂ ಹೌದು, ವಾಸನೆಗೂ ಹೌದು. ಎರಡನೆಯ ಕಾರಣ ನನಗೆ ತಿಳಿದದ್ದು ಶಾಲೆಗೆ ಹೋಗತೊಡಗಿದ ಮೇಲೆ.

ಹಂದಿಯ ಕೊಬ್ಬೇ ಎಣ್ಣೆಯಾಗಿ ಬಿಡುವುದರಿಂದ ಅವ್ವ ಕುಸುಬಿ ಎಣ್ಣೆ ಸೋಕಿಸುತ್ತಿರಲಿಲ್ಲ. ಬಳ್ಳೊಳ್ಳಿ, ಹಸಿ ಶುಂಠಿ, ಅರಿಷಿಣ, ಉಪ್ಪು ಹಾಕಿ ಬೇಯಿಸಿ, ಅರ್ಧ ಬೆಂದ ಮೇಲೆ ಹಿಡಿ ಪುಂಡಿಪಲ್ಯ ಹಾಕಿ, ಆಮೇಲೆ ಮುಚ್ಚಳಕ್ಕೆ ಕಣಕ ಮೆತ್ತುವಳು. ಪುಂಡಿಯ ಹುಳಿ ಕೊಬ್ಬಿನ ಜಿಡ್ಡನ್ನು ಕಡಿದು ಬಾಯಿ ಹಸನು ಮಾಡುತ್ತದೆ. ಖಾರ ಹಾಕುವುದು ಕೊನೆಗೆ. ಅದಕ್ಕೂ ಮೊದಲು ಸಣ್ಣ ಮಕ್ಕಳ ಪಾಲು ತೆಗೆದಿಡುವಳು. ಎಳೆಯ ಗುಂಟ ಬೆರಳಿನಿಂದ ಹಿಂಜಿ, ಬಿಸಿ ರೊಟ್ಟಿಯ ಮುಟಗಿಯಲ್ಲಿ ಕಲಸಿ, ತನ್ನ ನಾಲಿಗೆಗೆ ಇಟ್ಟು ನೋಡಿ, ಆಮೇಲೆ ತಮ್ಮನ ಬಾಯಿಗೆ. ಹಲ್ಲು ಬಾರದ ಕೂಸಿಗೆ ಬರೀ ಸಾರಿನಲ್ಲಿ ನೆನೆದ ರೊಟ್ಟಿ.

ಇದನ್ನೆಲ್ಲ ಬರೆಯುತ್ತ ಹೋದರೆ ಅವ್ವನ ಕೈ ಅಮೃತವಾಗಿಬಿಡುತ್ತದೆ. ಅಷ್ಟೇನೂ ಇರಲಿಲ್ಲ. ವಯಸ್ಸಾದ ಹಂದಿಯ ಪಾಲು ಬಂದ ವಾರ ಖಂಡ ಚಪ್ಪಲಿಯಷ್ಟು ಗಟ್ಟಿ ಇರುತ್ತಿತ್ತು. ಗಂಡು ಹಂದಿಯಾದರೆ ಗಬ್ಬು. ಪಾಲು ಮಾಡುವುದರಲ್ಲಿ ಅವ್ವ ನ್ಯಾಯ ಮಾಡಲಿಲ್ಲ. ಒಳ್ಳೆಯ ಖಂಡ ಅಪ್ಪನಿಗೆ, ನಂತರ ಅಣ್ಣಂದಿರಿಗೆ, ನಮಗೆ ಹೆಣ್ಣುಮಕ್ಕಳಿಗೆ ತೊಗಲು ಮತ್ತು ಕೊಬ್ಬು, ಅವಳಿಗೆ ಗಡಿಗೆ ಒರೆಸಿದ ರೊಟ್ಟಿ. ಕಲ್ಲು ಹೊರುವುದರಲ್ಲಿ ಅವಳು ಅಪ್ಪನಿಗಿಂತ ಕಡಿಮೆ ಹೊರುತ್ತಿರಲಿಲ್ಲ. ಬಹಳ ಹೊತ್ತು ಬೆಂದ ತೊಗಲು ಅಂಟಂಟಾಗಿ ಕರಗುತ್ತದೆ, ರುಚಿ ಅದರದೇ ಹೆಚ್ಚು ಎಂದು ಈಗ ಊರೂರ ಬಾಣಸಿಗರು ಹೇಳುತ್ತಾರೆ. ಹೇಳಲಿ. ನಮಗೆ ಅದು ಸಿಕ್ಕಿದ್ದು ರುಚಿಗಲ್ಲ.

ಓಣಿಯ ಆಚೆ ಒಬ್ಬ ಖಾಲಾ ಇದ್ದಳು, ಮುಸಲ್ಮಾನರ ಮನೆಯ ಹಿರಿಯಳು. ನಮ್ಮ ಹಿತ್ತಲಿನಿಂದ ಏನು ಬೇಯುತ್ತದೆ ಎಂದು ಅವಳಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಒಂದು ದಿನ ಅವ್ವ "ಖಂಡ ಬೇಯವಲ್ದು ಖಾಲಾ" ಎಂದು ಬೇಲಿಯ ಹತ್ತಿರ ಅಲವತ್ತುಕೊಂಡಳು. ಯಾವ ಖಂಡ ಎಂದು ಖಾಲಾ ಕೇಳಲಿಲ್ಲ. ತನ್ನ ಗಿಡದಿಂದ ಒಂದು ಹಸಿ ಪಪಾಯಿ ಕಿತ್ತು ಬೇಲಿಯ ಮೇಲಿಟ್ಟು, "ಸಿಪ್ಪಿ ಸಮೇತ ಅರದು ಹಚ್ಚು, ಒಂದು ತಾಸು ಬಿಡು, ಜಾಸ್ತಿ ಬಿಟ್ರ ಹಿಟ್ಟಾಗ್ತದ" ಎಂದು ಹೇಳಿ ಒಳಗೆ ಹೋದಳು. ಹೈದರಾಬಾದಿ ಕಬಾಬಿನ ಗುಟ್ಟು ನಮ್ಮ ಗಡಿಗೆಗೆ ಬಂದದ್ದು ಹೀಗೆ. ಕೊರಿಯಾದವರು ಇದೇ ಕೆಲಸಕ್ಕೆ ಅವರ ಮರಸೇಬನ್ನು ತುರಿದು ಹಾಕುತ್ತಾರೆ. ಪಪಾಯಿಯಲ್ಲೂ ಅದರಲ್ಲೂ ಮಾಂಸದ ಎಳೆ ಸಡಿಲಿಸುವ ಕಿಣ್ವ ಇದೆ, ಪಪಾಯಿಯದು ಹೆಚ್ಚು ಜೋರು.

ಹಂದಿಯನ್ನು ಮೇಜಿನ ಮೇಲೆ ಇಟ್ಟು ತಿನ್ನುವುದನ್ನು ಮೊದಲು ಕಂಡದ್ದು ವಾಡಿಯಲ್ಲಿ. ಅಲ್ಲಿನ ರೈಲ್ವೆ ಕಾಲೊನಿಯಲ್ಲಿ ಗಾರ್ಡ್ ಒಬ್ಬರ ಮನೆಗೆ ಅಪ್ಪ ಅಂಗಳಕ್ಕೆ ಫರ್ಸಿ ಹಾಸಲು ಹೋಗಿದ್ದ, ನಾನು ಬುತ್ತಿ ಒಯ್ದಿದ್ದೆ. ಮೇಮ್ ಸಾಹೇಬರು ಹಂದಿ ಖಂಡಕ್ಕೆ ಸಿರ್ಕಾ, ಬಳ್ಳೊಳ್ಳಿ ಹಾಕಿ ಮಾಡಿದ್ದರು. ಕಿಟಕಿ ಎಲ್ಲ ತೆರೆದಿತ್ತು, ಪರದೆ ಹಾರುತ್ತಿತ್ತು, ವಾಸನೆ ಪ್ಲಾಟ್‌ಫಾರ್ಮಿನ ತನಕ ಬರುತ್ತಿದ್ದರೂ ಯಾರೂ ಮೂಗು ಮುಚ್ಚಲಿಲ್ಲ. ಅಪ್ಪನಿಗೂ ಒಂದು ತಾಟು ಕೊಟ್ಟರು. ಆತ ಅಂಗಳದಲ್ಲಿ ಕೂತು ತಿಂದು, "ಹುಳಿ ಪುಂಡಿದಲ್ಲ, ಆದ್ರ ಅಡ್ಡಿಯಿಲ್ಲ" ಎಂದು ತೀರ್ಪು ಕೊಟ್ಟ. ಬರುವಾಗ ದಾರಿಯಲ್ಲಿ ನಾನು ಕೇಳಿದೆ, ಅವರ ಕಿಟಕಿ ಯಾಕ ತೆರೆದಿತ್ತು ಅಂತ. "ಅವ್ರು ಸಾಹೇಬ್ರು" ಎಂದ. ಅದಕ್ಕಿಂತ ಹೆಚ್ಚಿನ ವಿವರಣೆ ನನಗೆ ಬೇಕಾಗಲಿಲ್ಲ. ಈಗಲೂ ಬೇಕಿಲ್ಲ. ಕೊಡಗಿನ ಪಂದಿ ಕರಿ, ಕಾಚಂಪುಳಿ ಹಾಕಿದ್ದು, ಬೆಂಗಳೂರಿನ ಒಳ್ಳೊಳ್ಳೆಯ ಹೋಟೆಲುಗಳ ಹೆಮ್ಮೆಯ ತಿನಿಸು. ನಮ್ಮ ಓಣಿಯ ಪಂದಿ ಯಾವ ಹೋಟೆಲಿನ ಪಟ್ಟಿಗೂ ಏರಿಲ್ಲ. ಮನೆಯಲ್ಲಿ ನಾವಾಡುವ ತೆಲುಗಿನಲ್ಲೂ ಅದಕ್ಕೆ ಪಂದಿ ಎಂದೇ ಹೆಸರು.

ಶಾಲೆಯದು ಸಣ್ಣ ಸಂಗತಿ, ಬೇಗ ಹೇಳಿ ಮುಗಿಸುತ್ತೇನೆ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಒಂದು ಸೋಮವಾರ ನನ್ನ ಲಂಗ ಮೂಸಿ ಎದ್ದು ಬೇರೆ ಕಡೆ ಕೂತಳು. ಗುರುಗಳು ಅವಳಿಗೆ ಏನೂ ಹೇಳಲಿಲ್ಲ, ನನಗೇ "ಸ್ನಾನ ಮಾಡಿ ಬಾ" ಎಂದರು. ಅಂದಿನಿಂದ ಅವ್ವ ಸೋಮವಾರ ನಸುಕಿಗೆ ಎಬ್ಬಿಸಿ, ಸೀಗೆಪುಡಿ ಹಾಕಿ ತಲೆ ತಿಕ್ಕಿ ಕಳಿಸುತ್ತಿದ್ದಳು. ತಣ್ಣೀರು. "ವಾಸನಿ ಹೋಯ್ತೇನು ನೋಡು" ಎಂದು ಅಕ್ಕನ ಕಡೆ ತಿರುಗಿಸಿ ನಿಲ್ಲಿಸುವಳು.

ಕಲಬುರಗಿ, ಬೀದರ, ರಾಯಚೂರು ಸೀಮೆಯ ನಮ್ಮವರು ಆಗ ಪರಿಶಿಷ್ಟರ ಪಟ್ಟಿಯಲ್ಲಿ ಇರಲಿಲ್ಲ. ಹಳೇ ಮೈಸೂರಿನವರಿಗೆ ಇತ್ತು, ನಮಗಿಲ್ಲ. 1976ರ ಕಾಯ್ದೆ ಆ ಪ್ರದೇಶದ ಗೆರೆ ಅಳಿಸಿತು. ಅದರಿಂದಲೇ ಚಿತ್ತಾಪುರದ ಹಾಸ್ಟೆಲಿನಲ್ಲಿ ನನಗೆ ಜಾಗ ಸಿಕ್ಕಿತು, ಮುಂದೆ ಗುಲಬರ್ಗಾದಲ್ಲಿ ನರ್ಸಿಂಗ್ ಆಯಿತು. ಹಾಸ್ಟೆಲಿನಲ್ಲಿ ಜೋಳದ ರೊಟ್ಟಿ, ನೀರು ಬೇಳೆ. ತೊಗರಿಯ ಕಣಜ ಎನ್ನಿಸಿಕೊಂಡ ಜಿಲ್ಲೆಯಲ್ಲಿ ನಮ್ಮ ಸಾರಿನೊಳಗೆ ಬೇಳೆ ಹುಡುಕಬೇಕಾಗಿತ್ತು. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು ಎಂದು ಪೇಪರಿನಲ್ಲಿ ಓದಿದಾಗ ಆ ಸಾರು ನೆನಪಾಗಿ ನಗು ಬಂತು.

ನೌಕರಿಯಲ್ಲಿ ಸೇಡಂ, ಚಿಂಚೋಳಿ, ಮತ್ತೆ ಚಿತ್ತಾಪುರ ಎಂದು ತಿರುಗಿದೆ. ಚಿಂಚೋಳಿಯ ಕಾಡಂಚಿನ ಊರುಗಳಲ್ಲಿ ಕಾಡುಹಂದಿ ತೊಗರಿ, ಜೋಳ ಉತ್ತು ಹಾಳು ಮಾಡಿದ ಬೆಳಿಗ್ಗೆ ರೈತರ ಮುಖ ನೋಡಲಾಗುತ್ತಿರಲಿಲ್ಲ. ಬೇಟೆ ಕಾನೂನಿಗೆ ವಿರುದ್ಧ, ಆ ಕಾಡು ಈಗ ವನ್ಯಜೀವಿ ಧಾಮ. ಆದರೂ ಆಗೊಮ್ಮೆ ಈಗೊಮ್ಮೆ ಯಾರದೋ ಮನೆಯಲ್ಲಿ "ಕುರಿ" ಬೇಯುತ್ತಿತ್ತು. ನಾನು ಕುರಿಯೆಂದೇ ನಂಬಿ ಬಂದುಬಿಡುತ್ತಿದ್ದೆ. ನರ್ಸಿಗೆ ಅದು ಕೆಲಸವಲ್ಲ.

ನನ್ನ ಕೆಲಸ ಬೇರೆ ಕಡೆ ಇತ್ತು. ಆಸ್ಪತ್ರೆಗೆ ಮೂರ್ಛೆ ಬಂದ ಮಕ್ಕಳನ್ನು ತರುತ್ತಿದ್ದರು. ಕೆಲವರ ಮಿದುಳಿನಲ್ಲಿ ಲಾಡಿಹುಳುವಿನ ಕೋಶ. ವೈದ್ಯರು ಕೇಳುವ ಮೊದಲ ಪ್ರಶ್ನೆ "ಹಂದಿ ತಿಂತೀರೇನು?" ಹಾಗೆ ಕೇಳಿಸಿಕೊಂಡ ಲಿಂಗಾಯತರ ತಾಯಿಯೊಬ್ಬಳು ಕೆಂಡವಾಗಿ ಎದ್ದು ಹೋಗುವುದರಲ್ಲಿದ್ದಳು. ಅವಳ ಸಿಟ್ಟು ನನಗೆ ಅರ್ಥವಾಯಿತು, ಪ್ರಶ್ನೆಯ ದೋಷವೂ ಅರ್ಥವಾಯಿತು. ಸರಿಯಾಗಿ ಬೇಯದ ಹಂದಿ ಖಂಡ ತಿಂದವನ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ, ಅದು ನಿಜ. ಆದರೆ ಮಿದುಳಿಗೆ ಹೋಗುವುದು ಆ ಹುಳುವಿನ ತತ್ತಿ ಒಡೆದು ಬಂದ ಮರಿ, ತತ್ತಿ ಹೊರಬರುವುದು ಮನುಷ್ಯನ ಮಲದಲ್ಲಿ. ತೊಳೆಯದ ಕೈ, ಬಯಲಲ್ಲಿ ಕೂತ ಹೊಲದ ಹಸಿ ತರಕಾರಿ, ಕಲುಷಿತ ನೀರು, ಇವುಗಳ ಮೂಲಕ ಹಂದಿಯ ಹೆಸರೇ ಎತ್ತದ ಮನೆಯ ಮಗುವಿಗೂ ಅದು ಬರುತ್ತದೆ. ಹಂದಿಗೂ ರೋಗ ಬರುವುದು ಮನುಷ್ಯರು ಬಯಲಿಗೆ ಹೋಗುವುದರಿಂದಲೇ. ಈ ಮಾತನ್ನು ನಾನು ಹೆರಿಗೆ ವಾರ್ಡಿನಿಂದ ಅಂಗನವಾಡಿಯ ತನಕ ಹೇಳಿ ಹೇಳಿ ದಣಿದೆ. ಆ ತಾಯಿಗೂ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಹೇಳಿದೆ. ಸಿಟ್ಟು ಇಳಿಯಿತು, ಮಗುವಿಗೆ ಔಷಧ ಆಯಿತು.

ನಮ್ಮ ಓಣಿಯ ಹಂದಿಗಳು ಗಟಾರಿನವೇ. ಅದನ್ನು ಮುಚ್ಚಿಟ್ಟು ನಮ್ಮ ಊಟವನ್ನು ಹೊಗಳುವುದಿಲ್ಲ. ಅವ್ವ ಸಿಗಡಿಯ ಮೇಲೆ ತಾಸುಗಟ್ಟಲೆ ಬೇಯಿಸಿದ್ದರಿಂದ ನಾವು ಉಳಿದೆವು, ಯಾಕೆಂದರೆ ಚೆನ್ನಾಗಿ ಬೆಂದ ಖಂಡದಲ್ಲಿ ಕೋಶ ಬದುಕುವುದಿಲ್ಲ. ಅವಳಿಗೆ ಹುಳುವಿನ ಕತೆ ಗೊತ್ತಿರಲಿಲ್ಲ. ಕೊರಿಯಾದ ಜೇಜು ದ್ವೀಪದಲ್ಲಿಯೂ ಹಿಂದೆ ಕಕ್ಕಸಿನ ಕೆಳಗೇ ಕರಿ ಹಂದಿ ಸಾಕುತ್ತಿದ್ದರು. 2015ರಲ್ಲಿ ಆ ದೇಶದ ಸರಕಾರ ಅದೇ ಜೇಜು ಕರಿ ಹಂದಿಯ ತಳಿಯನ್ನು ರಾಷ್ಟ್ರದ ಪ್ರಾಕೃತಿಕ ಸ್ಮಾರಕ ಎಂದು ಸಾರಿತು. ಈಗ ಶುಚಿಯಾದ ಕೊಟ್ಟಿಗೆಯಲ್ಲಿ ಸಾಕುತ್ತಾರೆ, ಅಲ್ಲಿನ ಕರಿ ಹಂದಿಯ ಖಂಡ ಮಾಮೂಲಿ ಹಂದಿಗಿಂತ ತುಟ್ಟಿ, ದ್ವೀಪಕ್ಕೆ ಹೋದ ಪ್ರವಾಸಿಗರು ಅದನ್ನು ಹುಡುಕಿಕೊಂಡು ತಿನ್ನುತ್ತಾರೆ. ಅವರು ಕಕ್ಕಸು ಬದಲಿಸಿದರು, ಹಂದಿಯನ್ನೂ ಅದನ್ನು ತಿನ್ನುವವರನ್ನೂ ಬಿಟ್ಟುಕೊಡಲಿಲ್ಲ. ನಮ್ಮಲ್ಲಿ ಕಕ್ಕಸು ಬದಲಾಗಲು ಎಷ್ಟೋ ವರ್ಷ ಹಿಡಿಯಿತು, ಅಷ್ಟರೊಳಗೆ ಹಂದಿ ಸಾಕುವವರನ್ನು ಊರಾಚೆಗೆ ಸಾಗಿಸಿ ಆಗಿತ್ತು.

ದೂರದ ಕೊರಿಯಾ ಯಾಕೆ, ನಮ್ಮ ಪಕ್ಕದ ಬಸವಕಲ್ಯಾಣವೇ ಸಾಕು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅರಸನ ಊಟದ ಭಾಗವೊಂದಿದೆ. ಹಂದಿಯ ಕೂದಲು ತೆಗೆಯಲು ಕುದಿಯುವ ನೀರು ಸುರಿಯಬೇಕು, ಇಲ್ಲವೇ ಮಣ್ಣು ಮೆತ್ತಿ ಹುಲ್ಲಿನ ಉರಿಯಲ್ಲಿ ಸುಡಬೇಕು ಎಂಬುದರಿಂದ ಹಿಡಿದು, ಖಂಡವನ್ನು ಕೆಂಡದಲ್ಲಿ ಸುಟ್ಟು ತೆಳುವಾಗಿ ಕೊಯ್ದು ಮೊಸರಿನಲ್ಲಿ ಹಾಕುವ ತನಕ ವಿವರ. ಹೊಳೆದಂಡೆಯ ಹೊಲದ ಇಲಿಯ ಅಡುಗೆಯೂ ಅದರಲ್ಲಿದೆ. ಹಂದಿ ತಿನ್ನುವವರು, ಇಲಿ ತಿನ್ನುವವರು ಎಂದು ನಮ್ಮವರನ್ನು ಹಂಗಿಸಿದ ಸೀಮೆ ಇದೇ, ಆ ಅರಸನದೂ ಇದೇ ಸೀಮೆ. ನನಗೆ ಇದನ್ನು ಹೇಳಿದವರು ಚಿತ್ತಾಪುರದ ಒಬ್ಬ ನಿವೃತ್ತ ಇತಿಹಾಸದ ಮೇಷ್ಟ್ರು, ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ಮಾಡಿಸಿಕೊಳ್ಳುತ್ತ. ಅವರು ಪಕ್ಕಾ ಸಸ್ಯಾಹಾರಿ. "ಸಿಸ್ಟರ್, ನಿಮ್ಮವ್ವ ಅರಸರ ಅಡಿಗಿ ಮಾಡ್ಯಾಳ್ರಿ" ಎಂದರು. ಅವ್ವ ಆಗ ಇರಲಿಲ್ಲ. ಇದ್ದಿದ್ದರೆ "ಅರಸಗ ಪಾಲು ಎಷ್ಟು ಬೀಳ್ತಿತ್ತು?" ಎಂದು ಕೇಳುತ್ತಿದ್ದಳು.

ಈಗ ಮಗಳ ಏರ್ ಫ್ರೈಯರ್. ಇದರೊಳಗೆ ಎಣ್ಣೆ ಕುದಿಯುವುದಿಲ್ಲ, ಕಾದ ಗಾಳಿಯನ್ನು ಫ್ಯಾನು ರಭಸದಿಂದ ತಿರುಗಿಸುತ್ತದೆ. 2010ರಲ್ಲಿ ಫಿಲಿಪ್ಸ್‌ನವರು ಹೊರತಂದಾಗ ಕರಿದ ಆಲೂಗಡ್ಡೆಗೆ ಬದಲಿ ಎಂದು ಬಂದದ್ದು. ಗರಿಗರಿ ಮಾಡುವುದಕ್ಕೆ ಒಳ್ಳೆಯದು, ಮೆತ್ತಗೆ ಮಾಡುವುದಕ್ಕೆ ಅದರ ಸ್ವಭಾವವೇ ವಿರುದ್ಧ. ಬರಿ ಖಂಡ ಇಟ್ಟರೆ ಗಾಳಿ ಅದರ ನೀರನ್ನೆಲ್ಲ ಹೀರಿ ಒಣಗಿಸುತ್ತದೆ. ಖಂಡ ಮೆತ್ತಗಾಗಬೇಕಾದರೆ ಎಳೆಗಳ ನಡುವಿನ ಗಟ್ಟಿ ಜಾಲ ಕರಗಿ ಅಂಟಾಗಬೇಕು, ಅದಕ್ಕೆ ತೇವ ಬೇಕು, ಬಹಳ ಹೊತ್ತು ಬೇಕು. ಮಗಳಿಗೆ ಅಂದೆ, "ನಿಮ್ಮ ಆಯಿ ಕಣಕ ಮೆತ್ತುತಿದ್ಳು, ನೀ ಬೆಳ್ಳಿ ಕಾಗದ ಮೆತ್ತು."

ಹಾಗೇ ಮಾಡಿದೆವು. ಭುಜದ ಖಂಡ ಅರ್ಧ ಕಿಲೋ. ತೊಡೆಯದು ಒಣ, ಹೊಟ್ಟೆಯದು ಸಣ್ಣ ಮಕ್ಕಳಿಗೆ ಕೊಬ್ಬು ಹೆಚ್ಚು. ಹೆಬ್ಬೆರಳಿನಷ್ಟು ತುಂಡು ಮಾಡಿ, ಕುದಿವ ನೀರಿನಲ್ಲಿ ಐದು ನಿಮಿಷ ಬಿಟ್ಟು, ನೊರೆ ಎದ್ದ ನೀರು ಚೆಲ್ಲಿದೆವು. ಕೊರಿಯಾದವರೂ ಹಾಗೆ ಮಾಡುತ್ತಾರೆ, ವಾಸನೆ ಅಲ್ಲೇ ಅರ್ಧ ಹೋಗುತ್ತದೆ. ಈರುಳ್ಳಿ, ಬಳ್ಳೊಳ್ಳಿ, ಶುಂಠಿ, ಒಂದು ತುರಿದ ಮರಸೇಬು, ಚೂರು ಬೆಲ್ಲ. ಸೋಯಾ ಸಾಸ್ ಎರಡೇ ಚಮಚ, ಅದಕ್ಕೆ ಒಂದು ಲೋಟ ನೀರು, ಏಕೆಂದರೆ ಆ ಸಾಸಿನಲ್ಲಿ ಉಪ್ಪು ಬಹಳ, ಮೂರು ತುಂಬದ ಕೂಸಿಗೆ ಅಷ್ಟು ಉಪ್ಪು ಸಲ್ಲ. ಕೊರಿಯಾದ ಕೆಂಪು ಖಾರದ ಹಿಟ್ಟು ಸಣ್ಣ ಮಕ್ಕಳ ಅಡುಗೆಗೆ ಹಾಕುವುದು ಅಲ್ಲಿಯೂ ಕಡಿಮೆ. ಸೋಯಾದಲ್ಲಿ ಬೇಯಿಸಿ ಎಳೆ ಬಿಡಿಸಿದ ಖಂಡ ಅಲ್ಲಿನ ಮಕ್ಕಳ ದಿನದ ಊಟದ್ದೇ. ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ, ಬೆಳ್ಳಿ ಕಾಗದವನ್ನು ಅಂಚಿಗೆ ಬಿಗಿಯಾಗಿ ಒತ್ತಿ, 160 ಡಿಗ್ರಿಯಲ್ಲಿ ಒಂದೂಕಾಲು ತಾಸು. ನಡುವೆ ಒಮ್ಮೆ ತೆಗೆದು ನೀರು ಇದೆಯೋ ಇಲ್ಲವೋ ನೋಡಬೇಕು. ಕೊನೆಗೆ ಕಾಗದ ಬಿಚ್ಚಿ 180ರಲ್ಲಿ ಕೆಲವು ನಿಮಿಷ ಬಿಟ್ಟರೆ ರಸ ಗಟ್ಟಿಯಾಗಿ ಮೈಗೆ ಅಂಟುತ್ತದೆ. ಎಳ್ಳೆಣ್ಣೆ ನಾಲ್ಕು ಹನಿ.

ಮೆತ್ತಗಾಯಿತೇ? ಆಯಿತು. ಆದರೆ ಕುಕ್ಕರಿನಲ್ಲಿ ಇಪ್ಪತ್ತೈದು ನಿಮಿಷಕ್ಕೆ ಇದಕ್ಕಿಂತ ಚೆನ್ನಾಗಿ ಆಗುತ್ತಿತ್ತು. ಕರೆಂಟೂ ಉಳಿಯುತ್ತಿತ್ತು. ಮಕ್ಕಳ ಖಂಡಕ್ಕೆ ಏರ್ ಫ್ರೈಯರ್ ಒಳ್ಳೆಯ ಪಾತ್ರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಮಗಳ ಅಡುಗೆಮನೆಯಲ್ಲಿ ಇರುವುದು ಅಡುಗೆಯ ಕಾರಣಕ್ಕಲ್ಲ. ಆ ಯಂತ್ರವನ್ನು ಅವಳು ಬಟ್ಟೆ ಒಗೆಯುವ ಜಾಗದಲ್ಲಿ, ಕಿಟಕಿ ಹಾಕಿಕೊಂಡು, ಎಕ್ಸಾಸ್ಟ್ ಫ್ಯಾನಿನ ಕೆಳಗೆ ಇಟ್ಟಿದ್ದಾಳೆ. ನಮ್ಮ ಹಿತ್ತಲ ಸಿಗಡಿ ಬೆಂಗಳೂರಿಗೆ ಬಂದು ಕರೆಂಟಿಗೆ ಸೇರಿದೆ, ಅಷ್ಟೇ. ಯಂತ್ರದ ಹಿಂಬದಿಯ ಕಿಂಡಿಯಿಂದ ವಾಸನೆ ಬಂದೇ ಬರುತ್ತದೆ. ಸೋಯಾ, ಎಳ್ಳೆಣ್ಣೆ ಇರುವುದರಿಂದ ಕೆಳಗಿನವರು ಚೈನೀಸ್ ಎಂದುಕೊಳ್ಳುತ್ತಾರೆ ಎಂಬ ಧೈರ್ಯ ಅವಳಿಗೆ.

ಸಣ್ಣವನಿಗೆ ನಾನೇ ಎಳೆ ಹಿಂಜಿ ಅನ್ನದಲ್ಲಿ ಕಲಸಿ ಕೊಟ್ಟೆ, ಬಟ್ಟಲು ಖಾಲಿಯಾಯಿತು. ಮೊಮ್ಮಗಳು ಉಣ್ಣುತ್ತ, "ಆಯಿ, ನಾಳೆ ಡಬ್ಬಿಗೂ ಹಾಕ್ತೀರಾ? ನಮ್ಮ ಕ್ಲಾಸಲ್ಲಿ ಎಲ್ಲಾರಿಗೂ ಕೊರಿಯನ್ ಅಂದ್ರೆ ಇಷ್ಟ" ಎಂದಳು. ಮಗಳು ನನ್ನ ಕಡೆ ನೋಡಿದಳು. ಶಾಲೆಗೆ ಮಾಂಸ ತರಬಾರದು ಎಂದು ಸುತ್ತೋಲೆ ಇದೆಯಂತೆ.

"ಮೊಟ್ಟಿ?"

"ಅದೂ ಬ್ಯಾಡ ಅಂದಾರವ್ವಾ."

2021ರ ಡಿಸೆಂಬರಿನಲ್ಲಿ ನಮ್ಮ ಕಲಬುರಗಿ, ಯಾದಗಿರಿ, ಬೀದರ ಸೇರಿ ಕೆಲವು ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡತೊಡಗಿದಾಗ ಎದ್ದ ಗದ್ದಲ ನನಗೆ ನೆನಪಿದೆ. ಆಗ ನಾನು ಇನ್ನೂ ನೌಕರಿಯಲ್ಲಿದ್ದೆ. ವಿರೋಧ ಮಾಡಿದವರು ಮಕ್ಕಳ ತೋಳು ಅಳೆದವರಲ್ಲ. ನಾನು ಅಳೆದಿದ್ದೇನೆ. ಅಳೆಯುವ ಪಟ್ಟಿ ಸುತ್ತಿದರೆ ಅಪೌಷ್ಟಿಕತೆಯ ಕೆಂಪು ಬಣ್ಣಕ್ಕೆ ನಿಲ್ಲುವ ತೋಳುಗಳು ನಮ್ಮ ತಾಲೂಕುಗಳಲ್ಲಿ ಬೇಕಾದಷ್ಟು ಇದ್ದವು. ಮೊಟ್ಟೆಯ ದಿನ ಶಾಲೆಗೆ ತಪ್ಪದೆ ಬರುವ ಮಕ್ಕಳನ್ನೂ ಕಂಡೆ. ಮುಂದೆ ಅದು ರಾಜ್ಯಕ್ಕೆಲ್ಲ ಹರಡಿತು. ಒಳ್ಳೆಯದಾಯಿತು.

ಶಹಾಬಾದಕ್ಕೆ ಈಚೆಗೆ ಹೋಗಿದ್ದೆ. ನಯವಾದ ಟೈಲ್ಸ್ ಬಂದು ಫರ್ಸಿಯ ವ್ಯಾಪಾರ ಇಳಿದಿದೆ. ಅಪ್ಪ ಮೀಟಿದ ಖಣಿಯಲ್ಲಿ ನೀರು ನಿಂತಿದೆ, ಹುಡುಗರು ಈಜುತ್ತಾರೆ. ನಮ್ಮ ಓಣಿಯಲ್ಲಿ ಅರ್ಧ ಮನೆ ಮಾಳಿಗೆಯವು. ಹಂದಿ ಬೇಯಿಸುವವರು ಕಡಿಮೆ. ಓದಿದ ಹುಡುಗರು "ನಾವು ತಿನ್ನಲ್ಲ" ಎನ್ನುತ್ತಾರೆ, ಕೆಲವರು ಮಾಲೆ ಹಾಕುತ್ತಾರೆ. ಬಿಟ್ಟವರ ಬಗ್ಗೆ ನನಗೆ ತಕರಾರಿಲ್ಲ. ರುಚಿಸದೆ ಬಿಟ್ಟರೆ ಸರಿ, ಹೆದರಿ ಬಿಟ್ಟಿದ್ದರೆ ಮಾತ್ರ ಕೇಡೆನಿಸುತ್ತದೆ. ನನ್ನ ಅಣ್ಣನ ಮಗ ಕಲಬುರಗಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಅಡ್ಡಹೆಸರು ಕೇಳಿದರಂತೆ, ಆಮೇಲೆ ಊಟ ಕೇಳಿದರಂತೆ. ಊಟದ ಪ್ರಶ್ನೆ ಅಡ್ಡಹೆಸರಿಗೆ ಸಿಗದ ಉತ್ತರ ಹುಡುಕುವುದಕ್ಕೇ ಇರುವುದು. ಇದನ್ನು ಬೆಂಗಳೂರಿನವರು ಶುಚಿಯ ಮಾತು ಎನ್ನುತ್ತಾರೆ, ಮನೆಯ ಗೋಡೆಗೆ ಜಿಡ್ಡು ಹತ್ತುತ್ತದೆ ಎನ್ನುತ್ತಾರೆ. ಮೆಣಸಿನಕಾಯಿ ಬಜ್ಜಿ ಕರಿದರೂ ಗೋಡೆಗೆ ಜಿಡ್ಡು ಹತ್ತುತ್ತದೆ.

ಮಗಳಿಗೆ ನಾನು ಬೇರೆ ಮನೆ ಹುಡುಕು ಎಂದು ಹೇಳಿ ಬಂದಿಲ್ಲ. ಮಕ್ಕಳ ಶಾಲೆ ಹತ್ತಿರ, ಅವಳ ಕಚೇರಿ ಹತ್ತಿರ. ಮುಂದಿನ ಸಲ ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವಾಗ ಪುಂಡಿಪಲ್ಯ ಒಯ್ಯುತ್ತೇನೆ. ಮಕ್ಕಳಿಗೆ ಅವರ ಮುತ್ತಜ್ಜಿಯ ಅಡುಗೆ ಉಣಿಸಿ, ಇದು ಶಹಾಬಾದದ್ದು ಎಂದೇ ಹೇಳುತ್ತೇನೆ. ಸಣ್ಣ ಮಕ್ಕಳಿಗೆ ಹಂದಿ ಖಂಡ ಕೊಡುವವರು ನಂಬಿಗೆಯ ಅಂಗಡಿಯಿಂದ ತನ್ನಿ, ನಡುವೆ ಕೆಂಪು ಉಳಿಯದಂತೆ ಪೂರಾ ಬೇಯಿಸಿ, ಎಳೆ ಹಿಂಜಿ ಕೊಡಿ, ಉಪ್ಪು ಕಡಿಮೆ ಇರಲಿ. ಮನೆ ಬಾಡಿಗೆಗೆ ಕೊಡುವವರು ಮುಂಗಡ ಕೇಳಿ, ಆಧಾರ್ ಕೇಳಿ, ಬಿಡುವಾಗ ಗೋಡೆಗೆ ಸುಣ್ಣ ಹೊಡೆಸಿಕೊಡಿ ಎಂದು ಕರಾರು ಬರೆಸಿಕೊಳ್ಳಿ. ಒಲೆಯ ಮೇಲೆ ಏನಿದೆ ಎಂದು ಮಾತ್ರ ಕೇಳಬೇಡಿ.